ಅಜ್ಜನ ಮಾತು, ಮಗನ ಬೀಗ

ಹೋದ ವರ್ಷ ಮಳೆಗಾಲದ ಒಂದು ಸಂಜೆ ಹಾನಗಲ್ಲ ಕಡೆ ಬೆಳೆಹಾನಿ ಸುದ್ದಿ ಮಾಡಿಕೊಂಡು ಹಾವೇರಿಗೆ ವಾಪಸ್ ಬಂದಾಗ ನಮ್ಮ ರೂಮಿನ ಬಾಗಿಲಿಗೆ ಬೇರೆ ಬೀಗ ಬಿದ್ದಿತ್ತು. ಮೊದಲು ನಮ್ಮ ಚಾವಿಯೇ ಕೆಟ್ಟಿದೆ ಅಂದುಕೊಂಡು ಹತ್ತು ನಿಮಿಷ ತಿರುವುತ್ತ ನಿಂತೆವು. ಎದುರಿನ ಕಿರಾಣಿ ಅಂಗಡಿಯ ಕಾಕಾ, 'ಮಧ್ಯಾಹ್ನ ಮಗಾ ಬಂದಿದ್ದರಿ, ಬೀಗಾ ಬದಲ್ ಮಾಡಿ ಹೋದರು' ಅಂದಾಗಲೇ ಗೊತ್ತಾದದ್ದು.

ನಾವು ಅಂದರೆ ಇಬ್ಬರು. ಒಬ್ಬರು ಬರೆಯುವವರು, ಒಬ್ಬರು ಕ್ಯಾಮೆರಾ ಹಿಡಿಯುವವರು. ಸುದ್ದಿಗೆ ಇಷ್ಟು, ಫೋಟೋಕ್ಕೆ ಇಷ್ಟು ಅಂತ ಎಣಿಸಿ ದುಡಿಯುವ ನಮಗೆ ಆ ರೂಮೇ ಮನೆ, ಅದೇ ಆಫೀಸು. ಒಳಗೆ ಹಳೆಯ ಕಂಪ್ಯೂಟರ್, ಟ್ರೈಪಾಡ್, ಗ್ಯಾಸ್ ಒಲೆ, ಐದು ವರ್ಷದ ನೋಟ್‌ಬುಕ್ಕುಗಳು, ಒಬ್ಬರ ಡಿಪ್ಲೊಮಾ ಸರ್ಟಿಫಿಕೇಟು ಇದ್ದವು. ಹೊರಗೆ ನೆನೆದ ಬಟ್ಟೆಯಲ್ಲಿ ನಾವು.

ರೂಮು ಹಿಡಿದದ್ದು 2019ರಲ್ಲಿ. ಮಾಲೀಕರು ವಯಸ್ಸಾದ ಅಜ್ಜ. ತಿಂಗಳಿಗೆ 3,000 ಬಾಡಿಗೆ, 25,000 ಡಿಪಾಜಿಟ್. ಆ ಡಿಪಾಜಿಟ್‌ನಲ್ಲಿ ಅರ್ಧ ಊರಲ್ಲಿ ಅವ್ವ ಸಂಘದಿಂದ ಎತ್ತಿಕೊಟ್ಟ ಸಾಲ. ದುಡ್ಡು ಕೊಡುವಾಗ, 'ಅಜ್ಜಾರ, ಒಂದು ಕರಾರು ಪತ್ರ ಮಾಡ್ಸೋಣೇನ್ರಿ?' ಅಂತ ಕೇಳಿದ್ದೆವು. ಅಜ್ಜ ಮುಖ ಸಣ್ಣ ಮಾಡಿಕೊಂಡು, 'ಕಾಗದಾ ಯಾಕ ಬೇಕೋ ತಮ್ಮಾ? ನಂಬಿಕಿ ಇಲ್ಲಂದ್ರ ಬ್ಯಾರೆ ಕಡೆ ನೋಡ್ರಿ' ಅಂದರು. ಇಂಥ ಮಾತಿನ ಮೇಲೆ ಮತ್ತೆ ಕೇಳುವ ಧೈರ್ಯ ಯಾರಿಗಿರುತ್ತದೆ?

ಅಜ್ಜನ ಹೆದರಿಕೆ ಏನು ಅನ್ನುವುದು ಆಮೇಲೆ ತಿಳಿಯಿತು. ಭೂಸುಧಾರಣೆ ಕಾಯ್ದೆಗೆ 1974ರಲ್ಲಿ ತಿದ್ದುಪಡಿ ಬಂದಾಗ ಗೇಣಿದಾರರು 7ನೇ ನಮೂನೆ ಅರ್ಜಿ ಕೊಟ್ಟು ಹೊಲ ತಮ್ಮದು ಮಾಡಿಕೊಂಡರಲ್ಲ, ಅಜ್ಜನ ಮನೆತನದ್ದೂ ಎರಡು ತುಂಡು ಹೊಲ ಹಾಗೆ ಹೋಗಿತ್ತಂತೆ. ಅಂದಿನಿಂದ ಅವರ ಮನೆಯಲ್ಲಿ ಒಂದೇ ಪಾಠ: ಇನ್ನೊಬ್ಬನ ಹೆಸರು ಕಾಗದದ ಮೇಲೆ ಬಂದರೆ ಆಸ್ತಿ ಕೈಬಿಟ್ಟಂತೆ. ಊರಲ್ಲಿ ಮನೆ ಇರುವ ಅನೇಕ ಹಿರಿಯರು ಇದನ್ನೇ ನಂಬುತ್ತಾರೆ. ಗೇಣಿ ಹೊಲದ ಕಾನೂನು ಬೇರೆ, ಬಾಡಿಗೆ ರೂಮಿನ ಕಾನೂನು ಬೇರೆ. ಬಾಡಿಗೆ ಕರಾರಿನ ಮೊದಲ ಸಾಲಿನಲ್ಲೇ ಮಾಲೀಕರು ಇವರು, ಬಾಡಿಗೆದಾರರು ಇವರು ಅಂತ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಹಾಗೆ ನೋಡಿದರೆ ಅದು ಮಾಲೀಕರಿಗೇ ಹೆಚ್ಚು ಆಸರೆ. ಇದನ್ನು ಅಜ್ಜನಿಗೆ ತಿಳಿಸಿ ಹೇಳುವಷ್ಟು ನಮಗೂ ಆಗ ಗೊತ್ತಿರಲಿಲ್ಲ.

ಅಜ್ಜ ಒಳ್ಳೆಯವರು. ಲಾಕ್‌ಡೌನ್‌ನಲ್ಲಿ ಪತ್ರಿಕೆಯಿಂದ ದುಡ್ಡು ಬರುವುದು ನಿಂತಾಗ ಎರಡು ತಿಂಗಳು ಬಾಡಿಗೆ ಕೇಳಲಿಲ್ಲ. ರೊಟ್ಟಿ ಕೊಟ್ಟು ಕಳಿಸಿದರು. ಅವರ ಹತ್ತಿರ ಇದ್ದದ್ದು ಕೀಪ್ಯಾಡ್ ಮೊಬೈಲು, ಹಾಗಾಗಿ ಬಾಡಿಗೆ ಯಾವಾಗಲೂ ನಗದು. ರಸೀದಿ ಇಲ್ಲ. 2023ರಲ್ಲಿ ಗೃಹಜ್ಯೋತಿ ಬಂದಾಗ ಬಾಡಿಗೆ ಮನೆಯವರು ಕರಾರು ಪತ್ರ ತೋರಿಸಿ ಅರ್ಜಿ ಹಾಕಬಹುದು ಅಂತ ನಾವೇ ಸುದ್ದಿ ಬರೆದೆವು. ನಮ್ಮ ರೂಮಿಗೆ ಮಾತ್ರ ಅರ್ಜಿ ಹಾಕಲು ಆಗಲಿಲ್ಲ. ಕರಂಟ್ ಬಿಲ್ಲು ಕಟ್ಟುತ್ತ ಹೋದೆವು. ಅದರ ಮೇಲಾದರೂ ಎಚ್ಚರ ಆಗಬೇಕಿತ್ತು.

ಅಜ್ಜ ತೀರಿಕೊಂಡರು. ಹುಬ್ಬಳ್ಳಿಯಲ್ಲಿದ್ದ ಮಗ ದಿನಕಾರ್ಯ ಮುಗಿಸಿ ಅಜ್ಜಿಯನ್ನು ಕರೆದುಕೊಂಡು ಹೋದರು. ತಿಂಗಳ ನಂತರ ಬಂದು, ಬಾಡಿಗೆ 6,000 ಕೊಡಿ ಇಲ್ಲ ಖಾಲಿ ಮಾಡಿ ಅಂದರು. ಖಾಲಿ ಮಾಡುತ್ತೇವೆ, ಡಿಪಾಜಿಟ್ ಕೊಡಿ ಅಂದೆವು.

'ಯಾವ ಡಿಪಾಜಿಟ್? ನಮ್ಮಪ್ಪ ನನಗೇನೂ ಹೇಳಿಲ್ರಿ. ಏನರ ದಾಖಲೆ ಐತೇನು?'

ಎಷ್ಟೋ ಅಧಿಕಾರಿಗಳ ಮುಂದೆ ಕೂತು 'ದಾಖಲೆ ತೋರಿಸಿ ಸರ್' ಅಂದವರು ನಾವು. ಆ ಪ್ರಶ್ನೆ ನಮಗೇ ಬಂದಾಗ ಬಾಯಿ ಕಟ್ಟಿತು. ಅಷ್ಟೇ ಅಲ್ಲ, ಮೂರು ತಿಂಗಳ ಬಾಡಿಗೆ ಬಾಕಿ ಇದೆ ಅಂತ ಅವರೇ ತಿರುಗಿ ಹೇಳಿದರು. ಇಲ್ಲ ಅಂತ ತೋರಿಸಲು ನಮ್ಮ ಹತ್ತಿರ ಒಂದು ಚೀಟಿ ಇರಲಿಲ್ಲ. ಅದಾಗಿ ಹತ್ತು ದಿನಕ್ಕೆ ಈ ಬೀಗ.

ಆ ರಾತ್ರಿ ಪೊಲೀಸರ ಹತ್ತಿರ ಹೋದೆವು. ಇದು ಸಿವಿಲ್ ವ್ಯಾಜ್ಯ, ಮಾತಾಡಿ ಬಗೆಹರಿಸಿಕೊಳ್ಳಿ ಅಂದರು. ಪತ್ರಕರ್ತರು ಅಂತ ಚಹಾ ಮಾತ್ರ ಸಿಕ್ಕಿತು.

ಮರುದಿನ ಪರಿಚಯದ ವಕೀಲರು ಹೇಳಿದ್ದು ನಮಗೆ ಹೊಸದು. ಕಾಗದ ಇಲ್ಲ ಅಂದ ಮಾತ್ರಕ್ಕೆ ನಾವು ಯಾರೂ ಅಲ್ಲ ಅಂತಲ್ಲ. ನಮ್ಮದರಂಥ ತಿಂಗಳ ಬಾಡಿಗೆ ಬಾಯಿಮಾತಿನಲ್ಲಿ ಆಗಿದ್ದರೂ ಬಾಡಿಗೆಯೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ಬಿಡಿಸಬೇಕಾದರೆ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಹೇಳದೆ ಕೇಳದೆ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಸ್ವಾಧೀನ ಕೇಳಬಹುದು, ಅದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ. 'ಹಕ್ಕು ಐತ್ರಿ. ಆದ್ರ ಡಿಪಾಜಿಟ್ ಎಷ್ಟು ಕೊಟ್ರಿ ಅನ್ನೋದಕ್ಕ ಸಾಕ್ಷಿ ಯಾರು?' ಅಂತ ಅವರೂ ಅಲ್ಲಿಗೇ ಬಂದು ನಿಂತರು.

ಸಾಕ್ಷಿ ಒಬ್ಬರಿದ್ದರು, ಅಜ್ಜಿ. ಆವತ್ತು ನೋಟು ಎಣಿಸಿ ಟ್ರಂಕಿಗೆ ಇಟ್ಟವರೇ ಅವರು. ಆದರೆ ಮಗನ ಮನೆಯಲ್ಲಿರುವ ವಿಧವೆ ತಾಯಿಯನ್ನು ಮಗನ ವಿರುದ್ಧ ಎಳೆಯುವುದು ಹೇಗೆ? ಎರಡು ದಿನ ಸ್ನೇಹಿತರ ಮನೆಯಲ್ಲಿ ಮಲಗಿ ಇದನ್ನೇ ಮಾತಾಡಿದೆವು. ಕಡೆಗೆ ಫೋನ್ ಮಾಡಿದವರು ಕಿರಾಣಿ ಕಾಕಾ. ಸ್ಪೀಕರ್ ಹಾಕಿದ್ದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕೊಟ್ಟಾರಪ್ಪಾ. ಇಪ್ಪತ್ತೈದು ಸಾವಿರ. ನಾನ ಎಣಿಸೀನಿ' ಅಂದರು. ಹಿಂದಿನಿಂದ ಮಗನ ದನಿ ಕೇಳಿಸಿತು, ಫೋನ್ ಕಟ್ಟಾಯಿತು.

ಮೂರನೇ ದಿನ ಮಗ ಬಂದು ಬೀಗ ತೆಗೆದರು. ಬಣ್ಣ ಹೊಡೆಸಬೇಕು, ಬಾಕಿ ಬಾಡಿಗೆ ಇದೆ ಅಂತ ಲೆಕ್ಕ ಹಾಕಿ 13,000 ಕೈಗಿಟ್ಟರು. ನಾವು ಜಗಳ ಮಾಡಲಿಲ್ಲ. ಮಾಡಬೇಕಿತ್ತೇನೋ. ಅಜ್ಜಿಗೆ ಆ ಮನೆಯಲ್ಲಿ ಏನು ಕಷ್ಟ ಆಯಿತೋ ಅನ್ನುವುದೇ ತಲೆಯಲ್ಲಿತ್ತು. ಅವ್ವನ ಸಂಘದ ಸಾಲ ಅದರಲ್ಲಿ ತೀರಿತು, ನಮ್ಮ ಪಾಲಿನ 12,000 ಹೋಯಿತು.

ಇದನ್ನು ಬರೆಯಲು ಕಾರಣ ಇದೆ. ನಮ್ಮೂರುಗಳಿಂದ ಪೊಲೀಸ್ ಪರೀಕ್ಷೆ, ಕೆಎಎಸ್ ಅಂತ ಧಾರವಾಡಕ್ಕೆ ಹೋಗುವ ಹುಡುಗ ಹುಡುಗಿಯರು ಸಪ್ತಾಪುರದ ಗಲ್ಲಿಗಳಲ್ಲಿ ರೂಮು ಹಿಡಿಯುತ್ತಾರೆ. ಎಮ್ಮೆ ಮಾರಿ ಡಿಪಾಜಿಟ್ ಕಟ್ಟಿದವರು ನಮಗೆ ಗೊತ್ತಿದ್ದಾರೆ. ಮಾಲೀಕರು ಕರಾರಿಗೆ ಒಪ್ಪದಿದ್ದರೆ ಬೇಡ, ಡಿಪಾಜಿಟ್ ನಗದು ಮಾತ್ರ ಕೊಡಬೇಡಿ. ಫೋನ್‌ಪೇಯಲ್ಲೋ ಬ್ಯಾಂಕಿನಲ್ಲೋ ಹಾಕಿ, 'ರೂಮಿನ ಡಿಪಾಜಿಟ್' ಅಂತ ಅದರಲ್ಲೇ ಬರೆಯಿರಿ. ನಗದೇ ಬೇಕು ಅಂದರೆ ನೋಟ್‌ಬುಕ್ಕಿನ ಹಾಳೆಯಲ್ಲಿ ಒಂದು ಸಹಿ ಕೇಳಿ, ಅದರ ಫೋಟೋ ಮನೆಯವರ ವಾಟ್ಸಾಪ್‌ಗೆ ಕಳಿಸಿಡಿ. ರೂಮು ಬಿಡುವ ದಿನ ಗೋಡೆ, ನಲ್ಲಿ, ಮೀಟರ್ ಎಲ್ಲದರ ವಿಡಿಯೋ ಮಾಡಿಕೊಳ್ಳಿ.

ಈಗಿನ ರೂಮಿನ ಮಾಲೀಕರು ನಿವೃತ್ತ ಶಿಕ್ಷಕಿ. ಸೊಸೈಟಿಯಲ್ಲಿ ಇ-ಸ್ಟಾಂಪ್ ತೆಗೆಸಿ 11 ತಿಂಗಳ ಕರಾರು ಮಾಡಿದೆವು. ಒಂದು ವರ್ಷ ಮೀರಿದರೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಬೇಕು, ಅದಕ್ಕೇ ಎಲ್ಲರೂ 11 ಬರೆಸುತ್ತಾರೆ. ಟೀಚರ್ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. 'ಡಿಪಾಜಿಟ್ ಅಂಕಿಯೊಳಗ ಬರದೀರಿ, ಅಕ್ಷರದಾಗೂ ಬರೀರಿ' ಅಂತ ವಾಪಸ್ ಕೊಟ್ಟರು. ಎರಡು ಅಕ್ಷರದೋಷಕ್ಕೂ ಕೆಂಪು ಗೆರೆ ಎಳೆದಿದ್ದರು.