ಕಿವಿಗೆ ಬಿದ್ದ ಗಣಗಳು

ನಿವೃತ್ತಿಗೆ ಇನ್ನು ಎರಡು ವರ್ಷವಿದ್ದಾಗ ಕನ್ನಡ ಅಧ್ಯಾಪಕರೊಬ್ಬರು ಮೋರ್ಸ್ ಸಂಕೇತವನ್ನು ಕಲಿಯತೊಡಗಿದರು. ಮೂವತ್ತು ವರ್ಷ ಸ್ನಾತಕೋತ್ತರ ತರಗತಿಗಳಿಗೆ ಛಂದಸ್ಸನ್ನು ಬೋಧಿಸಿದವರು ಅವರು. ಚುಕ್ಕಿಯೆಂದರೆ ಲಘು, ಗೆರೆಯೆಂದರೆ ಗುರು. ಇದರಲ್ಲಿ ಹೊಸದಾಗಿ ಕಲಿಯುವುದೇನಿದೆ ಎಂದು ಅವರಿಗೆ ತೋರಿದ್ದು ಸಹಜವೇ. ನಾಲ್ಕು ದಿನಗಳಲ್ಲಿ ಇಪ್ಪತ್ತಾರು ಅಕ್ಷರಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರು. ಐದನೆಯ ದಿನ, ಹ್ಯಾಮ್ ರೇಡಿಯೊ ಪರವಾನಗಿ ಪಡೆದಿದ್ದ ಗೆಳೆಯರೊಬ್ಬರು ಕೀಲಿಯನ್ನು ಒತ್ತಿ ಐದು ಅಕ್ಷರಗಳನ್ನು ಕೇಳಿಸಿದರು. ಒಂದೂ ಕೈಗೆ ಸಿಕ್ಕಲಿಲ್ಲ. ಮೊದಲನೆಯದರ ಗುರುಲಘುಗಳನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಪಟ್ಟಿಯೊಡನೆ ತಾಳೆ ನೋಡುವಷ್ಟರಲ್ಲಿ ಉಳಿದ ನಾಲ್ಕು ಕಳೆದುಹೋಗಿದ್ದವು.

ಛಂದಸ್ಸು ಬಲ್ಲವರಿಗೆ ಆ ಪಟ್ಟಿ ಒಡ್ಡುವ ಆಕರ್ಷಣೆ ಸಣ್ಣದಲ್ಲ. ಒಂದು ಸ್ಥಾನದ ಪ್ರಸ್ತಾರದಲ್ಲಿ ಎರಡು ರೂಪ, ಎರಡು ಸ್ಥಾನಕ್ಕೆ ನಾಲ್ಕು, ಮೂರಕ್ಕೆ ಎಂಟು, ನಾಲ್ಕಕ್ಕೆ ಹದಿನಾರು, ಒಟ್ಟು ಮೂವತ್ತು. ಆಂಗ್ಲ ವರ್ಣಮಾಲೆ ಮೊದಲ ಮೂರು ಪ್ರಸ್ತಾರಗಳನ್ನು ಪೂರ್ತಿಯಾಗಿ ಬಳಸಿಕೊಂಡು, ನಾಲ್ಕನೆಯದರಲ್ಲಿ ನಾಲ್ಕು ರೂಪಗಳನ್ನು ಮಾತ್ರ ಬಿಟ್ಟಿದೆ. ಮೂರು ಸ್ಥಾನದ ಎಂಟು ರೂಪಗಳೆಂದರೆ ‘ಯಮಾತಾರಾಜಭಾನಸಲಗಂ’ ಎಂದು ವಿದ್ಯಾರ್ಥಿಗಳು ನೆನಪಿಡುವ ಅಷ್ಟಗಣಗಳೇ. ಡಬ್ಲ್ಯು ಯಗಣ, ಓ ಮಗಣ, ಜಿ ತಗಣ, ಕೆ ರಗಣ, ಆರ್ ಜಗಣ, ಡಿ ಭಗಣ, ಎಸ್ ನಗಣ, ಯು ಸಗಣ. ಆಪತ್ತಿನಲ್ಲಿರುವ ಹಡಗು ಕಳಿಸುವ ಎಸ್‌ಓಎಸ್ ಹೀಗೆ ನಗಣ, ಮಗಣ, ನಗಣವಾಗುತ್ತದೆ. ಪ್ರಾಣಭಯದ ಆ ಕೂಗನ್ನು ಛಂದಶ್ಶಾಸ್ತ್ರಜ್ಞ ‘ನಮನ’ ಎಂದು ಓದಿಕೊಳ್ಳಬೇಕಾದ ವಿನೋದವೂ ಇಲ್ಲಿದೆ. ನಾಗವರ್ಮನ ‘ಛಂದೋಂಬುಧಿ’ಯನ್ನೂ, ಕನ್ನಡದ ಜಾತಿಗಳಿಗೆಂದೇ ಒಂದು ಅಧಿಕಾರವನ್ನು ಮೀಸಲಿಟ್ಟ ಜೈನ ಲಾಕ್ಷಣಿಕ ಜಯಕೀರ್ತಿಯ ‘ಛಂದೋನುಶಾಸನ’ವನ್ನೂ ಪಾಠ ಹೇಳಿದವರಿಗೆ ಈ ಹೊಂದಿಕೆ ಒಂದು ಸಂಜೆಯ ಸಂತೋಷಕ್ಕೆ ಸಾಕು. ಕಲಿಕೆಗೆ ಮಾತ್ರ ಅದು ಕೆಲಸಕ್ಕೆ ಬಾರದು, ಕೆಡುಕನ್ನೇ ಉಂಟುಮಾಡೀತು.

ಕೆಡುಕು ಎರಡು ಬಗೆಯದು. ನಮ್ಮಲ್ಲಿ ಗುರುವಿಗೆ ಎರಡು ಮಾತ್ರೆ. ಮೋರ್ಸ್ ಸಂಕೇತದಲ್ಲಿ ಗೆರೆ ಚುಕ್ಕಿಯ ಮೂರರಷ್ಟು, ಒಂದು ರೀತಿಯ ಪ್ಲುತವೆನ್ನಬಹುದು. ಅದಕ್ಕಿಂತ ಮುಖ್ಯವಾದುದು ಮೌನದ ಲೆಕ್ಕ. ಒಂದೇ ಅಕ್ಷರದೊಳಗಿನ ಚುಕ್ಕಿ ಗೆರೆಗಳ ನಡುವೆ ಒಂದು ಮಾತ್ರೆಯ ಬಿಡುವು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಗಣ ವಿಭಾಗಿಸುವಾಗ ನಾವು ಎಳೆಯುವ ಅಡ್ಡಗೆರೆಗೆ ಕಾಲಪ್ರಮಾಣವಿಲ್ಲ. ಅದು ಕಾಗದದ ಅನುಕೂಲ. ಇಲ್ಲಿ ಬಿಡುವು ತಪ್ಪಿದರೆ ಅಕ್ಷರವೇ ಬದಲಾಗುತ್ತದೆ. ಚುಕ್ಕಿಯಾದ ಮೇಲೆ ಒಂದೇ ಮಾತ್ರೆ ತಡೆದು ಗೆರೆ ಬಂದರೆ ಅದು ಎ; ಮೂರು ಮಾತ್ರೆ ತಡೆದು ಬಂದರೆ ಇ, ಟಿ ಎಂಬ ಎರಡು ಅಕ್ಷರಗಳು. ನಿಮಿಷಕ್ಕೆ ಇಪ್ಪತ್ತು ಪದಗಳ ವೇಗದಲ್ಲಿ ಚುಕ್ಕಿಯ ಅವಧಿ 60 ಮಿಲಿಸೆಕೆಂಡು, ಇಡೀ ಕೆ ಅಕ್ಷರದ್ದು 540. ಅಷ್ಟರಲ್ಲಿ ಪ್ರಸ್ತಾರ ಹಾಕುವುದು ಯಾರಿಗೂ ಸಾಧ್ಯವಿಲ್ಲ.

ಇದನ್ನು ತಂತಿ ಕಚೇರಿಗಳ ನೌಕರರು ಬಹಳ ಹಿಂದೆಯೇ ಕಂಡುಕೊಂಡಿದ್ದರು. 1844ರ ಮೇ 24ರಂದು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಸಂದೇಶ ಹೋದಾಗ ಸ್ಯಾಮ್ಯುಯೆಲ್ ಮೋರ್ಸನ ಯಂತ್ರ ಕಣ್ಣಿಗಾಗಿ ರೂಪುಗೊಂಡಿತ್ತು. ಅದು ಕಾಗದದ ಪಟ್ಟಿಯ ಮೇಲೆ ಗುರುತು ಒತ್ತುತ್ತಿತ್ತು. ನೌಕರ ಅದನ್ನು ನೋಡಿ ಬಿಡಿಸಿ ಬರೆಯಬೇಕಾಗಿತ್ತು. ಕೆಲವೇ ವರ್ಷಗಳಲ್ಲಿ ಆ ಯಂತ್ರದ ಸನ್ನೆಕೋಲಿನ ಟಕಟಕ ಸದ್ದಿನಿಂದಲೇ ನೌಕರರು ಸಂದೇಶವನ್ನು ಬರೆದುಕೊಳ್ಳತೊಡಗಿದರು. ಹಾಗೆ ಬರೆಯುವುದನ್ನು ಮೇಲಿನವರು ಮೊದಮೊದಲು ನಂಬಲಿಲ್ಲ. ಕಾಗದದ ಮೇಲಿನ ಗುರುತೇ ಪ್ರಮಾಣವೆಂಬುದು ಅವರ ನಿಲುವು. ಕೊನೆಗೆ ಕಾಗದದ ಪಟ್ಟಿ ಹಿಂದೆ ಸರಿದು, ಸದ್ದು ಮಾಡುವುದಕ್ಕೆಂದೇ ಇರುವ ಸಾಧನ ಮೇಜಿನ ಮೇಲೆ ಬಂದಿತು. ಶ್ರುತಿಯಿಂದ ಲಿಪಿಗೆ ಇಳಿದು ಬಂದ ಪರಂಪರೆಗಳನ್ನು ಅಭ್ಯಾಸ ಮಾಡುವವರಿಗೆ, ಲಿಪಿಯಿಂದ ಶ್ರುತಿಯ ಕಡೆಗೆ ಹೊರಳಿದ ಈ ಪ್ರಸಂಗ ಕುತೂಹಲಕರವಾಗಿ ತೋರಬೇಕು.

ಭಾರತದಲ್ಲಿ ಸಾರ್ವಜನಿಕ ತಂತಿ ಸೇವೆ 2013ರ ಜುಲೈಯಲ್ಲಿ ಮುಗಿಯಿತು. ಹವ್ಯಾಸಿ ರೇಡಿಯೊ ಪರವಾನಗಿಗೆ ಮೋರ್ಸ್ ಪರೀಕ್ಷೆ ಕಡ್ಡಾಯವಾಗಿರಬೇಕೆಂಬ ಅಂತರರಾಷ್ಟ್ರೀಯ ನಿಯಮವೂ 2003ರಲ್ಲಿ ಸಡಿಲಗೊಂಡಿತು. ಆದ್ದರಿಂದ ಇಂದು ಇದನ್ನು ಕಲಿಯುವವರಲ್ಲಿ ಹೆಚ್ಚಿನವರು ಇಷ್ಟಪಟ್ಟು ಕಲಿಯುವವರು.

ಅಧ್ಯಾಪಕರ ಗೆಳೆಯರು ಪಟ್ಟಿಯನ್ನು ಕಪಾಟಿನಲ್ಲಿ ಇಡಿಸಿದರು. ‘ಸರ್, ನೀವು ಓದಿಬಿಟ್ಟಿದ್ದೀರಿ, ಅದೇ ತೊಂದರೆ’ ಎಂದರು. 1930ರ ದಶಕದಲ್ಲಿ ಜರ್ಮನಿಯ ಲುಡ್ವಿಗ್ ಕೋಖ್ ಎಂಬ ಮನಶ್ಶಾಸ್ತ್ರಜ್ಞ ರೂಪಿಸಿದ ಕ್ರಮವೊಂದಿದೆ. ಅದರಲ್ಲಿ ನಿಧಾನದಿಂದ ವೇಗಕ್ಕೆ ಹೋಗುವುದಿಲ್ಲ. ಮೊದಲ ದಿನದಿಂದಲೇ ಪೂರ್ಣವೇಗ, ಆದರೆ ಎರಡೇ ಅಕ್ಷರ. ನೂರಕ್ಕೆ ತೊಂಬತ್ತು ಸರಿಯಾದ ಮೇಲೆ ಮೂರನೆಯದು ಸೇರುತ್ತದೆ. ಹೊಸಬರಿಗೆ ಇದು ಕಷ್ಟವೆನಿಸಿದರೆ ಫಾರ್ನ್ಸ್‌ವರ್ತ್ ಹೆಸರಿನ ಇನ್ನೊಂದು ಕ್ರಮದ ನೆರವುಂಟು: ಅಕ್ಷರದ ವೇಗವನ್ನು ಹಾಗೆಯೇ ಇಟ್ಟು ನಡುವಣ ಮೌನವನ್ನಷ್ಟೇ ಹಿಗ್ಗಿಸುವುದು. ಅಕ್ಷರವನ್ನೇ ಹಿಗ್ಗಿಸಿದರೆ ಕಲಿಯುವವನು ಎಣಿಸತೊಡಗುತ್ತಾನೆ. ಎಣಿಸುವ ಚಟ ಒಮ್ಮೆ ಹತ್ತಿದರೆ ಬಿಡಿಸುವುದು ಕಷ್ಟ. ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಕೇಳಬೇಕು. ಕೀಲಿಯನ್ನು ಮುಟ್ಟುವುದು ಆಮೇಲೆ. ಒಂದು ಅಕ್ಷರ ತಪ್ಪಿದರೆ ಅದಕ್ಕಾಗಿ ನಿಲ್ಲದೆ ಮುಂದಿನದಕ್ಕೆ ಕಿವಿಗೊಡಬೇಕು. ಪಾಠಾಂತರಗಳ ಬೆನ್ನು ಹತ್ತಿ ಬದುಕಿದ ವಿದ್ವಾಂಸನಿಗೆ ಈ ಕೊನೆಯ ಸೂಚನೆಯೇ ಎಲ್ಲಕ್ಕಿಂತ ಕಠಿಣ.

ಇಂದು ರೂಢಿಯಲ್ಲಿರುವ ಕ್ರಮದಲ್ಲಿ ಮೊದಲು ಬರುವುದು ಕೆ ಮತ್ತು ಎಂ. ಕೆ ಎಂದರೆ ಡಾ-ಡಿ-ಡಾ. ಅಧ್ಯಾಪಕರ ಕೈ ಪ್ರತಿ ಸಲವೂ ‘ರ’ ಎಂದು ಬರೆಯುತ್ತಿತ್ತು. ಕಿವಿ ತಪ್ಪಿರಲಿಲ್ಲ, ಅದು ರಗಣವೇ. ಆದರೆ ಸದ್ದಿಗೂ ಅಕ್ಷರಕ್ಕೂ ನಡುವೆ ಮೂವತ್ತು ವರ್ಷದ ಕರಿಹಲಗೆ ನಿಂತಿತ್ತು. ಮೂರು ವಾರಗಳ ಮೇಲೆ ಒಂದು ಸಂಜೆ ಕೆ ಎಂಬುದು ಕೆ ಆಗಿಯೇ ಕೇಳಿಸಿತು. ಬಾಗಿಲಾಚೆಯ ಕೆಮ್ಮಿನಿಂದ ಬಂದವರು ಯಾರೆಂದು ತಿಳಿಯುವಂತೆ.

ಆ ರಾತ್ರಿ ಅವರಿಗೆ ನೆನಪಾದದ್ದು ಹಳೆಯ ವಿದ್ಯಾರ್ಥಿನಿಯೊಬ್ಬಳು. ಮನೆಯಲ್ಲಿ ಗಮಕ ಕೇಳಿ ಬೆಳೆದವಳು. ಕಂದಪದ್ಯವನ್ನು ಒಂದು ಮಾತ್ರೆಯೂ ಜಾರದಂತೆ ಓದುತ್ತಿದ್ದಳು. ಪರೀಕ್ಷೆಯಲ್ಲಿ ‘ಪ್ರಸ್ತಾರ ಹಾಕಿ ಗಣ ವಿಭಾಗಿಸಿ’ ಎಂಬ ಪ್ರಶ್ನೆ ಬಂದಾಗ ‘ಅಮರ್ದು’ ಎಂಬಲ್ಲಿನ ಮಕಾರಕ್ಕೆ ಗುರುವನ್ನು ಹಾಕಿದ್ದಳು. ಅದು ಶಿಥಿಲದ್ವಿತ್ವ, ಒತ್ತಕ್ಷರ ಮುಂದಿದ್ದರೂ ಉಚ್ಚಾರ ತೇಲುವುದರಿಂದ ಹಿಂದಿನದು ಲಘುವಾಗಿಯೇ ಉಳಿಯುತ್ತದೆ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಹೇಳಿದ್ದಾನೆ. ಒತ್ತನ್ನು ಕಂಡ ಕಣ್ಣು ಗುರುವೆನ್ನುತ್ತದೆ, ಕಿವಿ ಒಪ್ಪುವುದಿಲ್ಲ. ಆ ಹುಡುಗಿಯ ಕಿವಿಗೆ ಅದು ಗೊತ್ತಿತ್ತು. ತರಗತಿಯಲ್ಲಿ ಆಕೆ ಅದನ್ನು ಲಘುವಾಗಿಯೇ ಓದಿದ್ದಳು. ಕಾಗದದ ಮೇಲೆ ಮಾತ್ರ ಕಲಿಸಿದ ನಿಯಮವನ್ನು ನಂಬಿದ್ದಳು. ಅಧ್ಯಾಪಕರು ಕೆಂಪು ಶಾಯಿಯಲ್ಲಿ ‘ಸೂತ್ರ ನೋಡಿ’ ಎಂದು ಬರೆದು ಹತ್ತಕ್ಕೆ ಎರಡು ಅಂಕ ಕೊಟ್ಟಿದ್ದರು. ‘ನೀನು ಓದಿದ್ದೇ ಸರಿ ಕಣಮ್ಮ, ಅದನ್ನೇ ಬರಿ’ ಎನ್ನಬೇಕೆಂದು ಅವರಿಗೆ ತೋಚಿರಲಿಲ್ಲ. ಮುಂದಿನ ವರ್ಷ ಆಕೆ ಛಂದಸ್ಸನ್ನು ಬಿಟ್ಟು ಜಾನಪದವನ್ನು ಆರಿಸಿಕೊಂಡಳು. ಅಲ್ಲಿ ಚೆನ್ನಾಗಿಯೇ ಓದಿದಳು ಎಂಬುದು ಬೇರೆ ಮಾತು.

ಹವ್ಯಾಸ ಆಮೇಲೆ ಸುಗಮವಾಗಿ ಸಾಗಿತೆಂದೇನಲ್ಲ. ನಿಮಿಷಕ್ಕೆ ಎಂಟು ಪದಗಳಲ್ಲಿ ಅಧ್ಯಾಪಕರು ನಿಂತುಬಿಟ್ಟರು; ಎರಡು ತಿಂಗಳಾದರೂ ಒಂಬತ್ತಾಗಲಿಲ್ಲ. ವಯಸ್ಸಾಯಿತು ಎಂದುಕೊಂಡರು. ವಾಸ್ತವವಾಗಿ ಇದು ಎಳೆಯರಿಗೂ ಆಗುವುದೇ. ಅಮೆರಿಕದ ಇಂಡಿಯಾನಾದಲ್ಲಿ ವಿಲಿಯಂ ಬ್ರಯನ್, ನೋಬಲ್ ಹಾರ್ಟರ್ ಎಂಬಿಬ್ಬರು ತಂತಿ ಕಲಿಯುವವರನ್ನು ವಾರವಾರವೂ ಪರೀಕ್ಷಿಸಿ 1897 ಮತ್ತು 1899ರಲ್ಲಿ ಪ್ರಕಟಿಸಿದ ಲೇಖನಗಳು ಮನಶ್ಶಾಸ್ತ್ರದಲ್ಲಿ ಪ್ರಸಿದ್ಧವಾಗಿವೆ. ಸಂದೇಶ ಕಳಿಸುವ ಸಾಮರ್ಥ್ಯ ಸಮನಾಗಿ ಏರುತ್ತದೆ. ಗ್ರಹಿಸುವ ಸಾಮರ್ಥ್ಯ ಮಾತ್ರ ನಡುವೆ ಎಷ್ಟೋ ವಾರ ಸಮತಟ್ಟಾಗಿ ನಿಂತು, ಮತ್ತೆ ಒಮ್ಮೆಲೆ ಮೇಲೇರುತ್ತದೆ. ಕಲಿಯುವವನು ಮೊದಲು ಅಕ್ಷರ ಕೇಳುತ್ತಾನೆ, ಆಮೇಲೆ ಪದ, ಆಮೇಲೆ ಪದಪುಂಜ. ಒಂದು ಮೆಟ್ಟಿಲು ಅಭ್ಯಾಸವಾಗಿ ಇಳಿಯುವವರೆಗೆ ಮುಂದಿನದು ತೆರೆಯುವುದಿಲ್ಲ ಎಂಬುದು ಅವರ ವಿವರಣೆ. ಹಳಗನ್ನಡವನ್ನು ಮೊದಲ ಸಲ ಓದುವ ವಿದ್ಯಾರ್ಥಿ ಪದವಿಭಾಗದ ಬಳಿ ನಿಂತುಬಿಡುವುದನ್ನು ಕಂಡವರು ಈ ಮಾತನ್ನು ಬೇಗ ನಂಬುತ್ತಾರೆ.

ಮೊನ್ನೆ ರಾತ್ರಿ ಗೆಳೆಯರ ಕೋಣೆಯಲ್ಲಿ 7 ಮೆಗಾಹರ್ಟ್ಸ್ ಪಟ್ಟಿಯ ಕೆಳತುದಿಯಲ್ಲಿ ಯಾರೋ ಕರೆಯುತ್ತಿದ್ದರು. ‘ಸಿ’ ಮತ್ತು ‘ಕ್ಯು’ ಎಂಬ ಎರಡಕ್ಷರಗಳ ಆ ಕರೆ, ಕೇಳುತ್ತಿರುವವರು ಯಾರಾದರೂ ಉತ್ತರಿಸಿ ಎಂಬುದರ ಸಂಕೇತ. ಅಧ್ಯಾಪಕರು ಅದನ್ನು ಎರಡಕ್ಷರವಾಗಿ ಕೇಳಲಿಲ್ಲ. ಒಂದೇ ಸದ್ದಾಗಿ ಕೇಳಿದರು. ಸಂತೋಷದಲ್ಲಿ ಪೆನ್ನು ನಿಂತಿತು. ಕರೆಯುವವರ ಗುರುತಿನಲ್ಲಿ ಭಾರತದ್ದೆಂದು ತಿಳಿಸುವ ‘ವಿಯು’, ಅದರ ಮುಂದಿನ ಎರಡು ಎಂಬ ಅಂಕಿ, ಇಷ್ಟು ಕಾಗದಕ್ಕೆ ಇಳಿಯಿತು. ಉಳಿದದ್ದು ಹೋಯಿತು. ಗೆಳೆಯರು ಕೀಲಿಯನ್ನು ಅವರ ಕಡೆಗೆ ಸರಿಸಿ, ‘ಇನ್ನೊಮ್ಮೆ ಕರೀತಾರೆ, ಕೇಳಿ’ ಎಂದರು.