ಹೊಳೆಯಂಚಿನ ಗೊರವ

ಗೊರವ ಎಂದೊಡನೆ ನಮಗೆ ನೆನಪಾಗುವವರು ಕಂಬಳಿ ತೊಟ್ಟು, ಡಮರು ಹಿಡಿದು ಊರೂರು ಸಂಚರಿಸುವ ಮೈಲಾರಲಿಂಗನ ಭಕ್ತರು. ಕನ್ನಡದಲ್ಲಿ ಅದೇ ಹೆಸರು ಒಂದು ಜಾತಿಯ ಪುಟ್ಟ ಹಕ್ಕಿಗಳಿಗೂ ಸಂದಿದೆ. ಅವೂ ಸಂಚಾರಿಗಳೇ.

ಕಡಲತೀರ, ಅಳಿವೆಗಳಲ್ಲಿ ಕಂಡಿದ್ದ ಸಾಮಾನ್ಯ ಗೊರವವನ್ನು ಕೊಡಗಿನ ಕಕ್ಕಬೆಯ ಹೊಳೆಯಂಚಿನಲ್ಲಿಯೂ ಕಂಡು ನಾವು ಬೆರಗಾದೆವು. ವೀರಶೈವ ಅರಸನಾದ ದೊಡ್ಡ ವೀರರಾಜೇಂದ್ರನು 1792ರ ಸುಮಾರಿನಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು ನೋಡಲು ಹೋದಾಗ ದೊರೆತ ದರ್ಶನವಿದು.

ಗೇಣುದ್ದದ ಮೈ, ಕಂದು ಬೆನ್ನು, ಬಿಳಿಯ ಹೊಟ್ಟೆ. ಕಲ್ಲಿನಿಂದ ಕಲ್ಲಿಗೆ ನಡೆಯುತ್ತ, ಬಾಲವನ್ನು ಎಡೆಬಿಡದೆ ಕುಣಿಸುತ್ತ ಹುಳುಹುಪ್ಪಟೆಗಳನ್ನು ಹೆಕ್ಕುತ್ತದೆ. ಬೆದರಿದರೆ ಕೀಚಲು ದನಿಗೈದು, ನೀರನ್ನು ಸವರುವಂತೆ ಹಾರುತ್ತದೆ. ಬೇಸಿಗೆಯಲ್ಲಿ ಕಾಶ್ಮೀರ, ಲಡಾಖ್ ಹಾಗೂ ಅವುಗಳಾಚೆಯ ನಾಡುಗಳ ತೊರೆದಂಡೆಗಳಲ್ಲಿ ನಾಲ್ಕು ಮೊಟ್ಟೆಗಳಿಗೆ ಗಂಡುಹೆಣ್ಣೆರಡೂ ಕಾವು ಕೊಡುತ್ತವೆ. ಆಗಸ್ಟ್ ಹೊತ್ತಿಗೆ ದಕ್ಷಿಣಕ್ಕೆ ಬರತೊಡಗಿ, ಏಪ್ರಿಲ್-ಮೇ ವೇಳೆಗೆ ಮರಳುತ್ತವೆ.

ಈ ಅತಿಥಿ ನಮ್ಮಿಂದ ಕಾಳನ್ನು ಬೇಡದು; ಶುದ್ಧವಾದ ನೀರಿನಂಚೊಂದಿದ್ದರೆ ಸಾಕು. ಆದರೆ ಅದು ಇಲ್ಲಿರುವ ತಿಂಗಳುಗಳಲ್ಲಿಯೇ ಕಾಫಿ ಹಣ್ಣಿನ ಪಲ್ಪಿಂಗ್ ನಡೆಯುತ್ತದೆ. ಆ ಕೊಳೆನೀರನ್ನು ಹಾಗೆಯೇ ತೊರೆಗೆ ಬಿಟ್ಟರೆ ನೀರಿನ ಆಮ್ಲಜನಕ ಕುಗ್ಗಿ ಹುಳುಮರಿಗಳು ಸಾಯುತ್ತವೆ. ಅತಿಥಿಯ ಎಡೆಯನ್ನು ನಾವೇ ಕಸಿದಂತಾಗುತ್ತದೆ. ಕಕ್ಕಬೆಯ ಹೊಳೆ ಕಾವೇರಿಯನ್ನು ಸೇರುವುದರಿಂದ ಕೆಳಗಿನ ಊರುಗಳಿಗೂ ಆ ಬಾಧೆ ತಪ್ಪದು.

ತೋಟವುಳ್ಳ ಶರಣಬಂಧುಗಳು ಪಲ್ಪಿಂಗ್ ನೀರನ್ನು ಸಂಸ್ಕರಿಸಿಯೇ ಹೊರಬಿಡುವ ವ್ರತ ತೊಡಲಿ. ದಾಸೋಹವನ್ನು ಮನೆಯ ಧರ್ಮವೆಂದು ನಂಬಿದ ನಮಗೆ ಹೊಳೆಯಂಚನ್ನು ಕಾಯುವುದೂ ದಾಸೋಹವೇ.