ಬೀಟೆ ಮರದ ತೂತು

ಬೀಟೆಯ ಪರಿಮಳ ಹತ್ತರಿ ಹೊಡೆಯುವಾಗಲೂ ಬರುತ್ತದೆ. ಆದರೆ ಡ್ರಿಲ್ಲಿನ ತುದಿ ಒಳಗಿಳಿದು, ನೇರಳೆ ಛಾಯೆಯ ಕಂದು ಸುರುಳಿಗಳು ಮೇಲೆದ್ದು ಬರುವಾಗ ಹಬ್ಬುವ ಆ ಸಿಹಿ ಗಂಧವೇ ಬೇರೆ. ನನಗೆ ಅದನ್ನು ಎಷ್ಟು ಹೀರಿದರೂ ಸಾಲದು. ಕೈ ತಪ್ಪಿದರೆ ಅದೇ ಮರದಿಂದ ಸೀದ ವಾಸನೆ ಏಳುತ್ತದೆ, ತೂತಿನ ಒಳಗೋಡೆ ಕರ್ರಗಾಗುತ್ತದೆ.

ಮರ ಗಟ್ಟಿ, ಅದಕ್ಕೇ ಸುಟ್ಟಿತು ಎನ್ನುವವರೇ ಹೆಚ್ಚು. ಮರದ ಮೇಲೆ ಈ ದೂರು ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಅಲಗು ಕತ್ತರಿಸುತ್ತಿದ್ದರೆ ಬಿಸಿಯ ಬಹುಪಾಲು ಸುರುಳಿಯ ಜೊತೆಗೇ ಹೊರಬೀಳುತ್ತದೆ. ಬರೀ ಉಜ್ಜುತ್ತಿದ್ದರೆ ಅಲ್ಲೇ ಕೂರುತ್ತದೆ, ಏಕೆಂದರೆ ಮರ ಬಿಸಿಯನ್ನು ಬೇಗ ಸಾಗಹಾಕುವ ವಸ್ತುವಲ್ಲ. ಮೊಂಡು ಬಿಟ್ ಮತ್ತು ಅತಿವೇಗ ಮರ ಸುಡುತ್ತವೆಂದು ಎಲ್ಲರಿಗೂ ಗೊತ್ತು. ಅಳುಕುತ್ತಾ ಒತ್ತುವ ಕೈಯೂ ಸುಡುತ್ತದೆ ಎಂಬುದು ಮಾತ್ರ ಹಲವರಿಗೆ ಹೊಳೆಯುವುದಿಲ್ಲ. ಮೆಲ್ಲಗೆ ಒತ್ತಿದರೆ ಮರಕ್ಕೆ ಕ್ಷೇಮ ಎನಿಸುತ್ತದೆ, ಆದರೆ ಅಲಗು ಕಚ್ಚದೆ ನಿಂತಲ್ಲೇ ಗಿರಗಿರ ತಿರುಗಿ ಕಾಯುವುದು ಆಗಲೇ.

ಆಚಾರಿಗಳ ಹಳೆಯ ಕೈಬೈರಿಗೆಗೆ ಈ ಪಾಡಿರಲಿಲ್ಲ. ತುದಿಯ ತಿರುಪು ತಾನೇ ಮರವನ್ನು ಕಚ್ಚಿ ಅಲಗನ್ನು ಒಳಕ್ಕೆಳೆಯುತ್ತಿತ್ತು. ಕೈ ತಿರುಗಿದಷ್ಟೇ ವೇಗ, ಸುತ್ತಿಗೊಂದು ದಪ್ಪ ಸುರುಳಿ. ಕರೆಂಟಿನ ಡ್ರಿಲ್ ಹಿಡಿದಾಗಲೂ ನಾನು ಆ ನಡಿಗೆಯನ್ನೇ ಬಯಸುತ್ತೇನೆ: ನಿಧಾನದ ಸುತ್ತು, ಹಿಂಜರಿಯದ ಒತ್ತಡ. ಬಿಟ್ ದಪ್ಪವಾದಷ್ಟೂ ವೇಗ ಇಳಿಯಬೇಕು. ಸುತ್ತು ಅಷ್ಟೇ ಇದ್ದರೂ 20 ಮಿ.ಮೀ. ಬಿಟ್‌ನ ಅಂಚು 10 ಮಿ.ಮೀ.ಯದಕ್ಕಿಂತ ಎರಡು ಪಟ್ಟು ವೇಗವಾಗಿ ಓಡುತ್ತಿರುತ್ತದೆ.

ಕಣ್ಣಿಡಬೇಕಾದದ್ದು ಹೊರಬರುವ ಹುಡಿಯ ಮೇಲೆ. ಸುರುಳಿಯೋ ಚಕ್ಕೆಯೋ ಬಂದರೆ ಸರಿ. ರಾಗಿಹಿಟ್ಟಿನಂತೆ ನುಣ್ಣಗೆ ಉದುರತೊಡಗಿದರೆ ಅಲಗು ಸಾಣೆ ಕೇಳುತ್ತಿದೆ. ತೇಗದಲ್ಲಿ ಇದು ಬೇಗ ಬರುತ್ತದೆ. ಆ ಮರದೊಳಗಿನ ಸಿಲಿಕಾ ಹರಿತವನ್ನು ತಿನ್ನುತ್ತದೆ. ಆಳಕ್ಕಿಳಿದಂತೆ ಬಿಟ್‌ನ ತೋಡಿನಲ್ಲಿ ಹುಡಿ ಗಿಡಿದುಕೊಂಡು ಬಿಸಿಗೆ ದಾರಿಯಿಲ್ಲದಂತಾಗುತ್ತದೆ. ಹಾಗಾಗಿ ಅರ್ಧ ಅಂಗುಲಕ್ಕೊಮ್ಮೆ, ತಿರುಗುತ್ತಿರುವಾಗಲೇ ಹೊರಗೆಳೆದು ಹುಡಿ ಉದುರಿಸುತ್ತೇನೆ. ಬೀಟೆಯ ಹುಡಿ ಕೆಲವರಿಗೆ ಆಗಿಬರುವುದಿಲ್ಲ, ಮೂಗಿಗೆ ಮಾಸ್ಕ್ ಇರಲಿ.

ಇಷ್ಟು ಜತನ ಬರೀ ಅಂದಕ್ಕಲ್ಲ. ಸುಟ್ಟು ನುಣುಪಾದ ಗೋಡೆ ಅಂಟನ್ನು ಸರಿಯಾಗಿ ಹೀರುವುದಿಲ್ಲ, ಅಲ್ಲಿ ಕೂರಿಸಿದ ಮರದ ಬೆಣೆ ಎಂದಾದರೊಮ್ಮೆ ಸಡಿಲವಾಗುತ್ತದೆ.

ನಾನು ಬಳಸುವುದು ನಡುವೆ ಮುಳ್ಳು, ಅಂಚಿನಲ್ಲಿ ಎರಡು ಹರಿತ ಹಲ್ಲು ಇರುವ ಬಿಟ್. ಆ ಹಲ್ಲುಗಳು ಮೊದಲು ಮರದ ಎಳೆಯನ್ನು ದುಂಡಗೆ ಕೊಯ್ಯುತ್ತವೆ, ಅಲಗು ಆಮೇಲೆ ಎತ್ತುತ್ತದೆ. ಮುಳ್ಳು ಹಿಂಬದಿಯಲ್ಲಿ ಇಣುಕಿದ ಕೂಡಲೇ ನಿಲ್ಲಿಸಿ, ತುಂಡನ್ನು ಮಗುಚಿ, ಅದೇ ಚುಕ್ಕೆಯಿಂದ ಉಳಿದದ್ದನ್ನು ಕೊರೆಯುತ್ತೇನೆ. ಎರಡೂ ಮುಖದಲ್ಲಿ ಒಂದು ಸಿಬಿರೂ ಏಳುವುದಿಲ್ಲ.